ಹುಡುಗಿಯರ ಮೂಲ ಚಲನ ಕೌಶಲ: ಎಸೆತಕ್ಕೇ ಜಾಸ್ತಿ ಜಾಗ ಕೊಟ್ಟ ಟಿಪ್ಪಣಿ

ಮೂಲ ಚಲನ ಕೌಶಲ ಅಂದರೆ ಮಕ್ಕಳ ಆಟಕ್ಕೆಲ್ಲ ಬುನಾದಿಯಾದ ಮೈಚಲನೆಗಳು. ಇವುಗಳಲ್ಲಿ ಮೂರು ಗುಂಪು. ಓಡುವುದು, ಜಿಗಿಯುವುದು, ಕುಂಟುವುದು ಒಂದು. ಎಸೆಯುವುದು, ಹಿಡಿಯುವುದು, ಒದೆಯುವುದು ಇನ್ನೊಂದು. ಸಮತೋಲನ ಮೂರನೆಯದು.

ಹುಡುಗಿಯರ ವಿಷಯದಲ್ಲಿ ಕಣ್ಣಿಡಬೇಕಾದದ್ದು ಎರಡನೆಯದರ ಮೇಲೆ. ಓಟ, ಕುಂಟಾಟದಲ್ಲಿ ಹುಡುಗರಿಗೂ ಅವರಿಗೂ ಅಂಥ ಫರಕಿಲ್ಲ. ಚೆಂಡು ಬಂದರೆ ಅಂತರ ಕಾಣುತ್ತದೆ. ಚಿಕ್ಕಂದಿನಲ್ಲಿ ಯಾರ ಕೈಗೆ ಚೆಂಡು ಎಷ್ಟು ಸಿಕ್ಕಿತು ಅನ್ನುವುದು ಇದಕ್ಕೆ ದೊಡ್ಡ ಕಾರಣ. ಸಂಶೋಧಕಿ ಲಿಸಾ ಬಾರ್ನೆಟ್ ಅವರ ತಂಡ 2009ರಲ್ಲಿ ಪ್ರಕಟಿಸಿದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಚಿಕ್ಕವರಿದ್ದಾಗ ಚೆಂಡಿನ ಮೇಲೆ ಹಿಡಿತವಿದ್ದ ಮಕ್ಕಳೇ ಹದಿಹರೆಯದಲ್ಲಿ ಹೆಚ್ಚು ಚಟುವಟಿಕೆಯಿಂದಿದ್ದರು. 2016ರ ಜಾಗತಿಕ ಅಂದಾಜಿನಲ್ಲಿ 11ರಿಂದ 17 ವರ್ಷದ ಹುಡುಗಿಯರಲ್ಲಿ ಸುಮಾರು 85% ಮಂದಿಗೆ ದಿನಕ್ಕೆ ಬೇಕಾದಷ್ಟು ಚಟುವಟಿಕೆ ಇರಲಿಲ್ಲ.

ಈಗ ಎಸೆತ. ಬಲಗೈಯಲ್ಲಿ ಎಸೆಯುವವಳು ಎಡಗಾಲು ಮುಂದಿಡಬೇಕು. ಯಾಕೆ ಅಂತ ತಿಳಿಯಲು ಎದ್ದು ನಿಂತು ಬಲಗಾಲು ಮುಂದಿಟ್ಟು ಎಸೆದು ನೋಡಿ. ಸೊಂಟ ಆಗಲೇ ತಿರುಗಿಬಿಟ್ಟಿರುತ್ತದೆ, ಉಳಿಯುವುದು ಮೊಣಕೈಯ ತಳ್ಳಾಟ ಮಾತ್ರ. ಎಡಗಾಲು ಮುಂದಿಟ್ಟರೆ ಮೊದಲು ಸೊಂಟ, ಆಮೇಲೆ ಭುಜ, ಕೊನೆಗೆ ಕೈ, ಒಂದರ ಹಿಂದೆ ಒಂದು ಬಿಚ್ಚಿಕೊಳ್ಳುತ್ತವೆ. ನನ್ನ ಸುಲಭ ದಾರಿ: ಕೈ ನೋಡಬೇಡಿ, ಹೊಕ್ಕುಳು ನೋಡಿ. ಶುರುವಿನಲ್ಲಿ ಅದು ಪಕ್ಕಕ್ಕಿರಬೇಕು, ಚೆಂಡು ಬಿಡುವಾಗ ಗುರಿಯ ಕಡೆಗೆ. ಚೆಂಡು ಬಿಟ್ಟ ಕೈ ಎದುರು ಬದಿಯ, ಅಂದರೆ ಎಡ ಸೊಂಟದ ಹತ್ತಿರ ಬಂದು ನಿಂತರೆ ಆಯಿತು.

ಇನ್ನೊಂದು. ಹತ್ತಿರದ ಗುರಿ ತೋರಿಸಿ ‘ಸರಿಯಾಗಿ ಹೊಡಿ’ ಅಂದರೆ ಮಗು ಮೈ ಬಿಗಿ ಮಾಡಿ ಮೆಲ್ಲಗೆ ತಳ್ಳುತ್ತದೆ. ಗೋಡೆಯಿಂದ ದೂರ ನಿಲ್ಲಿಸಿ ‘ಜೋರಾಗಿ ಎಸಿ’ ಅನ್ನಿ. ಸೊಂಟ ತಾನಾಗಿ ತಿರುಗತೊಡಗುತ್ತದೆ. ಗುರಿ ಆಮೇಲೆ ನೋಡಿಕೊಂಡರಾಯಿತು. 3ರಿಂದ 10 ವರ್ಷದವರ ಚಲನ ಕೌಶಲ ಅಳೆಯಲು ಬಳಸುವ ಟಿಜಿಎಂಡಿ-3 ಪರೀಕ್ಷೆಯಲ್ಲೂ ಚೆಂಡು ಎಷ್ಟು ದೂರ ಹೋಯಿತು ಅನ್ನುವುದಕ್ಕೆ ಅಂಕವಿಲ್ಲ, ಮೈ ಹೇಗೆ ಚಲಿಸಿತು ಅನ್ನುವುದಕ್ಕಷ್ಟೇ.

ವಯಸ್ಸಿನ ಮಾತು ಚಿಕ್ಕದಾಗಿ. ಚಲನ ಕೌಶಲಕ್ಕೂ ಚಟುವಟಿಕೆಗೂ ಇರುವ ನಂಟನ್ನು ವಿವರಿಸುವ, ಸಂಶೋಧಕ ಸ್ಟಾಡೆನ್ ತಂಡದ 2008ರ ಮಾದರಿಯ ಪ್ರಕಾರ ಪುಟ್ಟ ಮಕ್ಕಳಿಗೆ ‘ಕಷ್ಟಪಟ್ಟೆ’ ಅಂದರೆ ‘ಚೆನ್ನಾಗಿ ಮಾಡಿದೆ’ ಅಂತಲೇ ಅರ್ಥ. ದೊಡ್ಡವರಾದಂತೆ ಪಕ್ಕದವಳ ಜೊತೆ ಹೋಲಿಸಿಕೊಳ್ಳುತ್ತಾರೆ, ಬರಲ್ಲ ಅನ್ನಿಸಿದರೆ ಹಿಂದೆ ಸರಿಯುತ್ತಾರೆ. ತಡವಾಗಿ ಕಲಿಯುವ 12ರ ಹುಡುಗಿಯನ್ನು ಸಾಲಿನಲ್ಲಿ ನಿಲ್ಲಿಸಿದರೆ ಅವಳಿಗೆ ಸಿಗುವುದು ಒಂದೇ ಎಸೆತ, ಅದೂ ಎಲ್ಲರ ಕಣ್ಣೆದುರು. ಇಬ್ಬಿಬ್ಬರಿಗೆ ಒಂದೊಂದು ಮೆತ್ತನೆ ಚೆಂಡು ಕೊಟ್ಟು ಬಿಡುವುದು ವಾಸಿ, ಅಲ್ವಾ?