ವಯಸ್ಸಾದ ಮೇಲೆ ನಿತ್ರಾಣ ಎಲ್ಲರಿಗೂ ಬರುತ್ತದೆಯೇ?

ಪ್ರಶ್ನೆ: ನನ್ನ ತಾಯಿಗೆ 74 ವರ್ಷ. ವರ್ಷದಿಂದೀಚೆಗೆ ಸೊರಗಿದ್ದಾರೆ, ಬಳೆಗಳು ಮೊಣಕೈವರೆಗೆ ಜಾರುತ್ತವೆ. ‘ವಯಸ್ಸಾಯಿತಲ್ಲ’ ಎಂದು ಮನೆಯವರೆಲ್ಲ ಸುಮ್ಮನಿದ್ದಾರೆ. ಹಿರಿಯರಲ್ಲಿ ಇದು ಎಷ್ಟು ಸಾಮಾನ್ಯ?

ಉತ್ತರ: ಸಾಮಾನ್ಯವೇ, ಆದರೆ ಎಲ್ಲರಿಗೂ ಬರುವಂಥದ್ದಲ್ಲ. ವೈದ್ಯರು ‘ಫ್ರೇಲ್ಟಿ’, ಅಂದರೆ ನಿತ್ರಾಣ, ಎನ್ನುವುದು ಬರೀ ಸುಸ್ತಿಗಲ್ಲ. ದೇಹದ ಮೀಸಲು ಶಕ್ತಿ ಕರಗಿಹೋಗಿ, ನಾಲ್ಕು ದಿನದ ಜ್ವರ ಬಂದರೂ ಮೊದಲಿನಂತೆ ಎದ್ದು ಓಡಾಡಲಾಗದ ಸ್ಥಿತಿ ಅದು. 2001ರಲ್ಲಿ ಅಮೆರಿಕದ ಲಿಂಡಾ ಫ್ರೈಡ್ ಮತ್ತು ಸಂಗಡಿಗರು ಇದಕ್ಕೆ ಐದು ಗುರುತು ಹೇಳಿದರು: ತಾನಾಗಿ ತೂಕ ಇಳಿಯುವುದು, ಬಳಲಿಕೆ, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರಿದ್ದರೆ ನಿತ್ರಾಣ; ಒಂದೋ ಎರಡೋ ಇದ್ದರೆ ಹೊಸ್ತಿಲಲ್ಲಿ ನಿಂತಂತೆ.

ಅವರು ನೋಡಿದ, 65 ದಾಟಿದ 5,317 ಜನರಲ್ಲಿ ನಿತ್ರಾಣರು ಶೇ 6.9. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2012ರ ಪರಿಶೀಲನೆಯಲ್ಲಿ ಸರಾಸರಿ ಶೇ 10.7. ತಮಾಷೆಯೆಂದರೆ, ಬಿಡಿಬಿಡಿಯಾಗಿ ನೋಡಿದರೆ ಆ ಅಧ್ಯಯನಗಳ ಲೆಕ್ಕ ಶೇ 4ರಿಂದ ಶೇ 59ರವರೆಗೆ ಹರಡಿದೆ! ಸೇರು ಬದಲಾದರೆ ಅಕ್ಕಿಯ ಲೆಕ್ಕವೂ ಬದಲಾಗುತ್ತದೆ. ಎಲ್ಲ ಲೆಕ್ಕಗಳೂ ಒಪ್ಪುವ ಮಾತೆಂದರೆ ವಯಸ್ಸಿನೊಂದಿಗೆ ಇದು ಏರುತ್ತದೆ, ಹೆಂಗಸರಲ್ಲಿ ಹೆಚ್ಚು. ಆದರೂ ಅದೇ ಪರಿಶೀಲನೆಯ ಪ್ರಕಾರ, 85 ದಾಟಿದವರಲ್ಲಿ ನಿತ್ರಾಣರಾದವರು ನಾಲ್ಕರಲ್ಲಿ ಒಬ್ಬರಷ್ಟೇ. ‘ವಯಸ್ಸಾಯಿತಲ್ಲ’ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ನಮ್ಮ ದೇಶದ ಚಿತ್ರ ಅಷ್ಟು ಹಗುರವಾಗಿಲ್ಲ. 2017–18ರ ರಾಷ್ಟ್ರೀಯ ಹಿರಿಯರ ಸಮೀಕ್ಷೆಯ ದತ್ತಾಂಶದಿಂದ ಲೆಕ್ಕ ಹಾಕಿದವರು, 60 ದಾಟಿದವರಲ್ಲಿ ಹತ್ತಕ್ಕೆ ಮೂವರ ಆಸುಪಾಸು ಎನ್ನುತ್ತಾರೆ. ಅನ್ನ-ಸಾರಿನಲ್ಲೇ ಊಟ ಮುಗಿಸಿ, ಬೇಳೆ, ಮೊಟ್ಟೆ, ಹಾಲು ಮಕ್ಕಳಿಗಿರಲಿ ಎಂದು ಬಿಟ್ಟುಕೊಡುವ ತಾಯಂದಿರನ್ನು ಕಂಡವರಿಗೆ ಇದೇನೂ ಅಚ್ಚರಿಯಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗೋಡೆಗೆ ಆನಿಸಿದ ಕುರ್ಚಿಯಲ್ಲಿ ತಾಯಿಯನ್ನು ಕೂರಿಸಿ, ಎದೆಯ ಮೇಲೆ ಕೈಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಕುಗ್ಗಿದೆ ಎಂದು ಅನುಮಾನಿಸಬೇಕು. ವೈದ್ಯರ ಸಲಹೆಯಂತೆ ಸ್ನಾಯು ಬಲಪಡಿಸುವ ವ್ಯಾಯಾಮ, ಪ್ರೋಟೀನ್ ಇರುವ ಊಟ ಶುರುವಾದರೆ, ಹೊಸ್ತಿಲಲ್ಲಿರುವವರು ಹಿಂದಿರುಗಿ ಬರುವುದುಂಟು.

ತೂಕ ಇಳಿದಿರುವುದನ್ನಂತೂ ಬಿಡಬೇಡಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ, ಖಿನ್ನತೆ, ಯಾವುದೂ ಇರಬಹುದು. ಚಪಾತಿ ಬಿಟ್ಟು ಗಂಜಿಗೆ ಇಳಿದಿದ್ದಾರೆಯೇ? ಹಾಗಿದ್ದರೆ ಹಲ್ಲನ್ನೂ ಒಮ್ಮೆ ತೋರಿಸಿ.