ಗೆದ್ದು ಬಂದವರನ್ನು ಹೊರಗಟ್ಟಿದ ಸಭೆ: ಜಾರ್ಜಿಯಾ, 1868

1868ರ ಸೆಪ್ಟೆಂಬರ್ 3ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪ್ರತಿನಿಧಿ ಸಭೆ ತನ್ನದೇ 25 ಸದಸ್ಯರನ್ನು ಅನರ್ಹರೆಂದು ಸಾರಿತು. ಅವರ ಮೇಲೆ ಲಂಚದ ಆರೋಪವಿರಲಿಲ್ಲ, ಚುನಾವಣೆಯಲ್ಲಿ ಅಕ್ರಮ ನಡೆಸಿದ ದೂರೂ ಇರಲಿಲ್ಲ. ಅವರು ಕಪ್ಪು ಜನ ಎಂಬುದೊಂದೇ ಕಾರಣ. ನಿರ್ಣಯದ ಪರ 83 ಮತ, ವಿರುದ್ಧ 23. ಒಂಬತ್ತು ದಿನಗಳ ನಂತರ ಸೆನೆಟ್ ಕೂಡ ಅದೇ ದಾರಿ ಹಿಡಿಯಿತು.

ಬರೀ ಜನಾಂಗ ದ್ವೇಷ ಎಂದು ಹೇಳಿ ಇದನ್ನು ಮುಗಿಸಿಬಿಡಬಹುದು. ದ್ವೇಷವಂತೂ ಇದ್ದೇ ಇತ್ತು. ಆದರೆ ದ್ವೇಷವೊಂದರಿಂದಲೇ ಶಾಸಕನ ಕುರ್ಚಿ ಕಿತ್ತುಕೊಳ್ಳಲು ಆಗುವುದಿಲ್ಲ, ಅದಕ್ಕೆ ಕಾನೂನಿನಲ್ಲೊಂದು ಕಿಂಡಿ ಬೇಕು. ಆ ಕಿಂಡಿ ಆರು ತಿಂಗಳ ಹಿಂದೆ, ರಾಜ್ಯದ ಹೊಸ ಸಂವಿಧಾನ ಬರೆಯುವಾಗಲೇ ಉಳಿದುಹೋಗಿತ್ತು. ಅದನ್ನು ಉಳಿಸಿದವರಲ್ಲಿ ಮುಂದೆ ಹೊರಬಿದ್ದವರ ಗೆಳೆಯರೂ ಇದ್ದರು.

ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ರಾಜ್ಯಗಳನ್ನು ಮತ್ತೆ ಒಕ್ಕೂಟಕ್ಕೆ ಸೇರಿಸಿಕೊಳ್ಳಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1867ರ ಮಾರ್ಚ್‌ನಲ್ಲಿ ಷರತ್ತು ಹಾಕಿತು. ಸೇನಾಧಿಕಾರಿಯ ಉಸ್ತುವಾರಿಯಲ್ಲಿ ಮತದಾರರ ಪಟ್ಟಿ ತಯಾರಾಗಬೇಕು, ಅದರಲ್ಲಿ ಕಪ್ಪು ಗಂಡಸರ ಹೆಸರೂ ಇರಬೇಕು. ಆ ಮತದಾರರು ಆರಿಸಿದ ಸಭೆ ಹೊಸ ಸಂವಿಧಾನ ಬರೆಯಬೇಕು, ಜನ ಅದನ್ನು ಒಪ್ಪಬೇಕು. ಕೊನೆಗೆ ಹೊಸ ಶಾಸನಸಭೆ, ಕಪ್ಪು ಜನರಿಗೂ ಪೌರತ್ವ ಮತ್ತು ಕಾನೂನಿನ ಸಮಾನ ರಕ್ಷಣೆ ಕೊಡುವ ಒಕ್ಕೂಟದ ಸಂವಿಧಾನದ 14ನೇ ತಿದ್ದುಪಡಿಯನ್ನು ಅನುಮೋದಿಸಬೇಕು. ಜಾರ್ಜಿಯಾ, ಅಲಬಾಮಾ ಮತ್ತು ಫ್ಲಾರಿಡಾ ಸೇರಿ ಮೂರನೇ ಸೇನಾ ಜಿಲ್ಲೆಯಾಯಿತು. ಮೊದಲು ಜನರಲ್ ಜಾನ್ ಪೋಪ್, 1868ರ ಜನವರಿಯಿಂದ ಜನರಲ್ ಜಾರ್ಜ್ ಮೀಡ್ ಅದರ ಮೇಲ್ವಿಚಾರಕರು.

ಸಂವಿಧಾನ ರಚನಾ ಸಭೆ 1867ರ ಡಿಸೆಂಬರ್‌ನಿಂದ 1868ರ ಮಾರ್ಚ್‌ವರೆಗೆ ಅಟ್ಲಾಂಟಾದಲ್ಲಿ ನಡೆಯಿತು. ಅಲ್ಲಿಯವರೆಗೆ ರಾಜಧಾನಿ ಮಿಲೆಡ್ಜ್‌ವಿಲ್. ಹೊಸ ಸಂವಿಧಾನ ಅದನ್ನು ಅಟ್ಲಾಂಟಾಗೆ ತಂದಿತು. ಸಾಲಗಾರರಿಗೆ ರಕ್ಷಣೆ, ಸಾರ್ವಜನಿಕ ಶಾಲೆ, ಕಪ್ಪು ಗಂಡಸರಿಗೆ ಮತದಾನದ ಹಕ್ಕು, ಇಷ್ಟನ್ನೂ ಅದು ಕೊಟ್ಟಿತು. ಕಪ್ಪು ಜನ ಚುನಾಯಿತ ಹುದ್ದೆ ಹಿಡಿಯಬಹುದೇ ಎಂಬುದರ ಬಗ್ಗೆ ಮಾತ್ರ ಸ್ಪಷ್ಟವಾದ ಒಂದು ಸಾಲನ್ನೂ ಬರೆಯಲಿಲ್ಲ. ಹಾಗೆ ಬರೆದರೆ ಉತ್ತರ ಜಾರ್ಜಿಯಾದ ಗುಡ್ಡಗಾಡಿನ ಬಿಳಿ ಸಣ್ಣ ರೈತರು ಸಂವಿಧಾನವನ್ನೇ ತಿರಸ್ಕರಿಸಿಯಾರು ಎಂಬ ಭಯ, ಆಗ ಕಪ್ಪು ಜನರ ಹಕ್ಕಿನ ಪರವಿದ್ದ ರಿಪಬ್ಲಿಕನ್ ಪಕ್ಷದ ನಾಯಕರಿಗಿತ್ತು. ಆ ರೈತರಿಗೆ ಸಾಲಮನ್ನಾ ಬೇಕಿತ್ತು, ಸಮಾನತೆ ಬೇಕಿರಲಿಲ್ಲ. ಯುದ್ಧಕಾಲದಲ್ಲಿ ರಾಜ್ಯದ ಗವರ್ನರ್ ಆಗಿದ್ದು ನಂತರ ರಿಪಬ್ಲಿಕನ್ ಪಾಳೆಯಕ್ಕೆ ಬಂದಿದ್ದ ಜೋಸೆಫ್ ಬ್ರೌನ್, ಈ ಸಂವಿಧಾನ ಕಪ್ಪು ಜನರಿಗೆ ಹುದ್ದೆಯ ಹಕ್ಕು ಕೊಡುವುದಿಲ್ಲ ಎಂದು ಪ್ರಚಾರ ಭಾಷಣದಲ್ಲೇ ಬಿಳಿಯರಿಗೆ ಭರವಸೆ ಕೊಟ್ಟರು.

ಕಪ್ಪು ನಾಯಕರೂ ಆಗ ಈ ಸಾಲಿಗಾಗಿ ಹಟ ಹಿಡಿಯಲಿಲ್ಲ. ಅವರಲ್ಲಿ ಮುಖ್ಯರಾದವರು ಹೆನ್ರಿ ಮೆಕ್‌ನೀಲ್ ಟರ್ನರ್. ದಕ್ಷಿಣ ಕೆರೊಲಿನಾದಲ್ಲಿ 1834ರಲ್ಲಿ ಸ್ವತಂತ್ರ ಕುಟುಂಬದಲ್ಲಿ ಹುಟ್ಟಿದವರು, ಆಫ್ರಿಕನ್ ಮೆಥಡಿಸ್ಟ್ ಚರ್ಚಿನ ಪಾದ್ರಿ, ಯುದ್ಧದಲ್ಲಿ ಕಪ್ಪು ರೆಜಿಮೆಂಟಿನ ಧರ್ಮಗುರು (ಚಾಪ್ಲಿನ್). ರಚನಾ ಸಭೆಯಲ್ಲಿ ಅವರ ನಿಲುವು ಬಹಳ ಮೃದುವಾಗಿತ್ತು. ಸೋತ ಬಿಳಿಯರನ್ನು ಅವಮಾನಿಸದೆ ಜೊತೆಗೆ ಕರೆದೊಯ್ದರೆ ಒಳ್ಳೆಯದಾದೀತು ಎಂದು ನಂಬಿದ್ದವರು ಅವರು. ಆ ನಂಬಿಕೆಗೆ ಸಿಕ್ಕ ಉತ್ತರ ನೋಡಿದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಏಪ್ರಿಲ್‌ನಲ್ಲಿ ಚುನಾವಣೆ ನಡೆಯಿತು. ರಿಪಬ್ಲಿಕನ್ ಪಕ್ಷದ ರೂಫಸ್ ಬುಲಕ್ ಸುಮಾರು 7,000 ಮತಗಳ ಅಂತರದಿಂದ ಗವರ್ನರ್ ಆದರು. 175 ಸ್ಥಾನಗಳ ಪ್ರತಿನಿಧಿ ಸಭೆಗೂ 44 ಸ್ಥಾನಗಳ ಸೆನೆಟ್‌ಗೂ ಸೇರಿ ಮೂವತ್ತಕ್ಕೂ ಹೆಚ್ಚು ಕಪ್ಪು ಸದಸ್ಯರು ಗೆದ್ದರು. ಮೂವರು ಸೆನೆಟರ್‌ಗಳು: ಟ್ಯೂನಿಸ್ ಕ್ಯಾಂಪ್‌ಬೆಲ್, ಜಾರ್ಜ್ ವಾಲೆಸ್, ಏರನ್ ಬ್ರಾಡ್ಲಿ. ಟರ್ನರ್ ಮೇಕನ್ ಪಟ್ಟಣವಿರುವ ಬಿಬ್ ಕೌಂಟಿಯ ಪ್ರತಿನಿಧಿಯಾಗಿ ಬಂದರು. ಜುಲೈ 4ರಂದು ಅಧಿವೇಶನ ಶುರುವಾಯಿತು.

ಇಲ್ಲಿ ಜುಲೈ ತಿಂಗಳನ್ನು ಗಮನಿಸಬೇಕು, ಸೆಪ್ಟೆಂಬರ್ ಅರ್ಥವಾಗುವುದು ಇದರಿಂದಲೇ. 14ನೇ ತಿದ್ದುಪಡಿಯ ಮೂರನೇ ವಿಧಿ ಹೇಳುವುದು ಹೀಗೆ: ಯುದ್ಧಕ್ಕೆ ಮೊದಲು ಸಾರ್ವಜನಿಕ ಹುದ್ದೆಯಲ್ಲಿದ್ದು ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಿ, ಆಮೇಲೆ ದಂಗೆಯಲ್ಲಿ ಸೇರಿದವರು ಮತ್ತೆ ಹುದ್ದೆ ಹಿಡಿಯುವಂತಿಲ್ಲ. ಅಂಥವರು ಸಭೆಯಲ್ಲಿದ್ದಾರೆಯೇ ಎಂದು ಪರಿಶೀಲಿಸಲು ಜನರಲ್ ಮೀಡ್ ಸೂಚಿಸಿದರು. ಸದನಗಳು ತಮ್ಮಲ್ಲೇ ಸಮಿತಿ ಮಾಡಿ, ತಮ್ಮನ್ನು ತಾವೇ ವಿಚಾರಿಸಿಕೊಂಡು, ಎಲ್ಲರೂ ಅರ್ಹರು ಎಂದು ತೀರ್ಮಾನಿಸಿದವು. ಮೀಡ್ ಅದನ್ನು ಒಪ್ಪಿಕೊಂಡರು. ಜುಲೈ 21ರಂದು ಸಭೆ 14ನೇ ತಿದ್ದುಪಡಿಯನ್ನು ಅನುಮೋದಿಸಿತು, ಸೇನಾಡಳಿತ ಹಿಂದೆ ಸರಿಯಿತು. ಸದಸ್ಯನ ಅರ್ಹತೆಯನ್ನು ಸದನವೇ ನಿರ್ಧರಿಸುತ್ತದೆ ಎಂಬ ಅಧಿಕಾರವನ್ನು ಮಾಜಿ ಬಂಡುಕೋರರನ್ನು ಉಳಿಸಿಕೊಳ್ಳಲು ಮೊದಲು ಬಳಸಿದ್ದಾಯಿತು. ಇನ್ನು ಅದನ್ನು ತಡೆಯಲು ಹೊರಗೆ ಯಾರೂ ಇರಲಿಲ್ಲ.

ಮೊದಲ ಗುರಿ ಸೆನೆಟರ್ ಬ್ರಾಡ್ಲಿ. ನ್ಯೂಯಾರ್ಕ್‌ನಲ್ಲಿ ಹಿಂದೆ ಶಿಕ್ಷೆಯಾಗಿತ್ತೆಂಬ ಆರೋಪ ಎತ್ತಿದರು. ನಿರ್ಣಯ ಮತಕ್ಕೆ ಬರುವ ಮುಂಚೆಯೇ ಅವರು ರಾಜೀನಾಮೆ ಕೊಟ್ಟರು. ನಂತರ ಪ್ರತಿನಿಧಿ ಸಭೆಯ ಸರದಿ. ವಾದ ಸರಳವಾಗಿತ್ತು: ಮತದಾನದ ಹಕ್ಕು ಬೇರೆ, ಹುದ್ದೆಯ ಹಕ್ಕು ಬೇರೆ, ಮೊದಲನೆಯದನ್ನು ಸಂವಿಧಾನ ಕೊಟ್ಟಿದೆ, ಎರಡನೆಯದನ್ನು ಕೊಟ್ಟಿಲ್ಲ, ಕೊಡದಿದ್ದುದು ಇಲ್ಲ.

ಕಾರ್ಯವಿಧಾನವೂ ಅಷ್ಟೇ ಜಾಣತನದ್ದು. ಅಮೆರಿಕದ ಸದನಗಳಲ್ಲಿ ದುರ್ನಡತೆಗಾಗಿ ಸದಸ್ಯನನ್ನು ಉಚ್ಚಾಟಿಸಲು ಸಾಮಾನ್ಯವಾಗಿ ಮೂರನೇ ಎರಡರಷ್ಟು ಬಹುಮತ ಬೇಕು. ಆತ ಮೊದಲಿನಿಂದಲೇ ಅರ್ಹನಲ್ಲ ಎಂದು ಸಾರಲು ಸರಳ ಬಹುಮತ ಸಾಕು. ಹಾಗಾಗಿ ಇಲ್ಲಿ ಅನರ್ಹತೆಯ ದಾರಿಯನ್ನೇ ಹಿಡಿದರು. ಯಾರ ಸ್ಥಾನ ಪ್ರಶ್ನೆಯಲ್ಲಿದೆಯೋ ಅವರು ಆ ಪ್ರಶ್ನೆಯ ಮೇಲೆ ಮತ ಹಾಕುವಂತಿಲ್ಲ ಎಂದು ರೂಲಿಂಗ್ ಆಯಿತು. ಎಲ್ಲ ಕಪ್ಪು ಸದಸ್ಯರ ಮೇಲೂ ಒಂದೇ ಪ್ರಶ್ನೆ ಇದ್ದುದರಿಂದ ಅಷ್ಟೂ ಮತಗಳು ಒಂದೇ ಏಟಿಗೆ ಲೆಕ್ಕದಿಂದ ಹೊರಬಿದ್ದವು. ಪರ, ವಿರೋಧ ಸೇರಿದರೆ ಚಲಾವಣೆಯಾದದ್ದು 106 ಮತ, ಸಭೆಯ ಬಲ 175. ರಿಪಬ್ಲಿಕನ್ನರೆಲ್ಲ ತಮ್ಮ ಸಹೋದ್ಯೋಗಿಗಳ ಜೊತೆ ಗಟ್ಟಿಯಾಗಿ ನಿಂತಿದ್ದರೆ ಫಲಿತಾಂಶ ಇಷ್ಟು ಏಕಪಕ್ಷೀಯವಾಗುತ್ತಿರಲಿಲ್ಲ. ಕೆಲವರು ಪರವಾಗಿಯೇ ಮತ ಹಾಕಿದರು, ಹಲವರು ತಪ್ಪಿಸಿಕೊಂಡರು.

ಬಣ್ಣ ಅಳೆಯಲೂ ಕಾನೂನಿನಲ್ಲಿ ಅಳತೆಗೋಲಿತ್ತು. ಎಂಟನೇ ಒಂದು ಭಾಗ ಆಫ್ರಿಕನ್ ರಕ್ತ ಇದ್ದರೆ ಆತ ಕಪ್ಪು ವ್ಯಕ್ತಿ ಎನ್ನುತ್ತಿತ್ತು ರಾಜ್ಯದ ಸಂಹಿತೆ. ಬಹಳ ತಿಳಿಬಣ್ಣದ ನಾಲ್ವರ ವಿಷಯದಲ್ಲಿ ಅದನ್ನು ಸಾಬೀತು ಮಾಡಲಾಗದೆ ಬಿಡಬೇಕಾಯಿತು. ಎಡ್ವಿನ್ ಬೆಲ್ಚರ್ ಮತ್ತು ಮ್ಯಾಡಿಸನ್ ಡೇವಿಸ್ ಆ ನಾಲ್ವರಲ್ಲಿ ಸೇರಿದ್ದರು. ಚುನಾಯಿತ ಶಾಸಕರ ತಾಯಿ, ಅಜ್ಜಿಯರ ರಕ್ತದ ಭಿನ್ನರಾಶಿ ಲೆಕ್ಕ ಹಾಕುತ್ತ ಕೂತ ಸಭೆಯದು.

ಖಾಲಿಯಾದ ಕುರ್ಚಿಗಳಿಗೆ ಮರುಚುನಾವಣೆ ನಡೆಸಲಿಲ್ಲ. ಗೆದ್ದವನು ಅನರ್ಹನಾದರೆ ನಂತರದ ಅತಿ ಹೆಚ್ಚು ಮತ ಪಡೆದ ಅರ್ಹ ವ್ಯಕ್ತಿಯೇ ಆಯ್ಕೆಯಾದಂತೆ ಎಂಬ ನಿಯಮ ಅದೇ ಸಂಹಿತೆಯಲ್ಲಿತ್ತು. ಅದನ್ನು ಹಿಡಿದು ಜನ ಸೋಲಿಸಿದ್ದ ಬಿಳಿಯರನ್ನೇ ಕರೆತಂದು ಕೂರಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯಂತ ಘೋರ ಅಂಶ ಇದು. ಸದಸ್ಯನಿಗಾದ ಅನ್ಯಾಯ ಸಾಲದೆಂಬಂತೆ ಮತದಾರನ ತೀರ್ಪೇ ತಲೆಕೆಳಗಾಯಿತು, ರಿಪಬ್ಲಿಕನ್ನರ ಎದುರಾಳಿಗಳಾದ ಡೆಮಾಕ್ರಟಿಕ್ ಪಕ್ಷದವರಿಗೆ (ಡೆಮಾಕ್ರಟರಿಗೆ) ಸಭೆಯಲ್ಲಿ ನಿಚ್ಚಳ ಹಿಡಿತ ಸಿಕ್ಕಿತು.

ಮತದಾನದ ದಿನ ಟರ್ನರ್ ದೀರ್ಘವಾಗಿ ಮಾತಾಡಿದರು. ಯಾವ ಪಕ್ಷದ ಮುಂದೆಯೂ ತಾನು ಹಲ್ಲುಗಿಂಜುವುದಿಲ್ಲ, ಹಕ್ಕಿಗಾಗಿ ಬಗ್ಗಿ ಬೇಡುವುದಿಲ್ಲ, ಹಕ್ಕನ್ನು ಕೇಳಿ ಪಡೆಯಲು ಬಂದಿದ್ದೇನೆ, ನನ್ನ ಮನುಷ್ಯತ್ವದ ಹೊಸ್ತಿಲು ತುಳಿಯುವವರ ಮೇಲೆ ಸಿಡಿಲೆಸೆಯಲು ಬಂದಿದ್ದೇನೆ ಎಂದರು. ಮುಂದಿನ ತಿಂಗಳು ಮೇಕನ್‌ನಲ್ಲಿ ಕಪ್ಪು ಜನರ ಸಮಾವೇಶ ಸೇರಿಸಿ ಅದರ ಅಧ್ಯಕ್ಷತೆ ವಹಿಸಿದರು. ಗವರ್ನರ್ ಬುಲಕ್ ಪ್ರತಿಭಟನೆಯ ಸಂದೇಶ ಕಳಿಸಿದರೆ, ಸದಸ್ಯರ ವಿಷಯ ನಿಮಗೆ ಸೇರಿದ್ದಲ್ಲ ಎಂಬ ಅರ್ಥದ ಉತ್ತರ ಬಂತು.

ಸಭೆಯೊಳಗಿನ ತೀರ್ಮಾನ ಬೀದಿಗಿಳಿಯಲು ತಡವಾಗಲಿಲ್ಲ. ಹೊರದಬ್ಬಿಸಿಕೊಂಡ ಸದಸ್ಯ ಫಿಲಿಪ್ ಜಾಯ್ನರ್ ಮತ್ತು ಇತರರು ಸೆಪ್ಟೆಂಬರ್ 19ರಂದು ಆಲ್ಬನಿಯಿಂದ ಸುಮಾರು 25 ಮೈಲಿ ದೂರದ ಕಮಿಲಾ ಊರಿಗೆ ಚುನಾವಣಾ ಸಭೆಗಾಗಿ ಮೆರವಣಿಗೆ ಹೊರಟರು. ಊರೊಳಗೆ ಕಾಲಿಡುತ್ತಲೇ ಗುಂಡು ಹಾರಿತು. ಓಡಿಹೋದವರನ್ನು ಜೌಗಿನಲ್ಲಿ, ಕಾಡಿನಲ್ಲಿ ಬೆನ್ನಟ್ಟಿ ಹೊಡೆದರು. ಸತ್ತವರು ಕನಿಷ್ಠ ಒಂಬತ್ತು ಜನ. ಗ್ರೀನ್ ಕೌಂಟಿಯ ಸದಸ್ಯ ಏಬ್ರಮ್ ಕೋಲ್ಬಿಯ ಕಥೆ ಕಾಂಗ್ರೆಸ್ ಸಮಿತಿಯ ದಾಖಲೆಯಲ್ಲಿದೆ. ಪಕ್ಷ ಬದಲಿಸಿದರೆ 5,000 ಡಾಲರ್, ಸ್ಥಾನ ಬಿಟ್ಟರೆ 2,500 ಡಾಲರ್ ಎಂಬ ಆಮಿಷವನ್ನು ಆತ ನಿರಾಕರಿಸಿದ. 1869ರ ಅಕ್ಟೋಬರ್ 29ರ ರಾತ್ರಿ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಪ್ತ ಹಿಂಸಾ ಸಂಘಟನೆಯ ಗುಂಪು ಬಾಗಿಲು ಮುರಿದು ಒಳನುಗ್ಗಿತು. ಹಾಸಿಗೆಯಿಂದೆಳೆದು ಕಾಡಿಗೊಯ್ದು ಮೂರು ತಾಸಿಗೂ ಹೆಚ್ಚು ಕಾಲ ಚಾಟಿಯಿಂದ ಹೊಡೆದು, ಸತ್ತನೆಂದು ಬಿಟ್ಟುಹೋದರು.

ಕಾನೂನಿನ ಕಿಂಡಿ ಮುಚ್ಚಿದ್ದು ಎರಡು ಕಡೆಯಿಂದ. ಮೊದಲನೆಯದು ಸವಾನಾ ಪಟ್ಟಣದ ಮೊಕದ್ದಮೆ. ಅಲ್ಲಿನ ಕೋರ್ಟಿನ ಗುಮಾಸ್ತೆ ಹುದ್ದೆಗೆ ಗೆದ್ದ ರಿಚರ್ಡ್ ವೈಟ್ ವಿರುದ್ಧ, ಆತನಲ್ಲಿ ಎಂಟನೇ ಒಂದು ಭಾಗ ಆಫ್ರಿಕನ್ ರಕ್ತವಿದೆ ಎಂದು ಸೋತ ಅಭ್ಯರ್ಥಿ ಕ್ಲೆಮೆಂಟ್ಸ್ ದಾವೆ ಹೂಡಿದ್ದ. ರಾಜ್ಯದ ಸುಪ್ರೀಂ ಕೋರ್ಟ್ 1869ರ ಜೂನ್‌ನಲ್ಲಿ ಎರಡಕ್ಕೊಂದು ಬಹುಮತದಿಂದ, ಕಪ್ಪು ನಾಗರಿಕರಿಗೂ ಹುದ್ದೆಯ ಹಕ್ಕಿದೆ ಎಂದಿತು. ಆ ಬಹುಮತದಲ್ಲಿದ್ದ ಮುಖ್ಯ ನ್ಯಾಯಮೂರ್ತಿ ಬೇರಾರೂ ಅಲ್ಲ, ಹಿಂದಿನ ವರ್ಷ ಇದಕ್ಕೆ ವಿರುದ್ಧ ಭರವಸೆ ಕೊಟ್ಟಿದ್ದ ಜೋಸೆಫ್ ಬ್ರೌನ್. ತೀರ್ಪು ಬಂದರೂ ಹೊರಗಿದ್ದ ಶಾಸಕರು ಒಳಗೆ ಬರಲಾಗಲಿಲ್ಲ; ಸದನದ ಬಾಗಿಲಿನ ಕೀಲಿ ಇನ್ನೂ ಸದನದ ಕೈಯಲ್ಲೇ ಇತ್ತು.

ಎರಡನೆಯದು ವಾಷಿಂಗ್ಟನ್ನಿನಿಂದ ಬಂತು. ಆಗ ಒಕ್ಕೂಟದ ಸೆನೆಟರ್‌ಗಳನ್ನು ಆರಿಸುತ್ತಿದ್ದುದು ರಾಜ್ಯಗಳ ಶಾಸನಸಭೆಗಳೇ. ಈ ಸಭೆ ಆರಿಸಿ ಕಳಿಸಿದ ಜಾಶುವಾ ಹಿಲ್ ಅವರಿಗೆ ಅಮೆರಿಕದ ಸೆನೆಟ್ ಸ್ಥಾನ ಕೊಡಲಿಲ್ಲ. 1869ರ ಮಾರ್ಚ್‌ನಲ್ಲಿ ಜಾರ್ಜಿಯಾ ಸಭೆ, ಬಣ್ಣದ ಕಾರಣಕ್ಕೆ ಮತದಾನದ ಹಕ್ಕು ನಿರಾಕರಿಸಬಾರದು ಎನ್ನುವ 15ನೇ ತಿದ್ದುಪಡಿಯನ್ನೂ ತಿರಸ್ಕರಿಸಿತು. ತಾಳ್ಮೆ ತೀರಿದ ಕಾಂಗ್ರೆಸ್ ಅದೇ ವರ್ಷದ ಡಿಸೆಂಬರ್ 22ರಂದು ಕಾಯ್ದೆ ತಂದು ರಾಜ್ಯವನ್ನು ಮತ್ತೆ ಸೇನೆಯ ಕೈಗೆ ಒಪ್ಪಿಸಿತು. 1868ರಲ್ಲಿ ಗೆದ್ದವರೇ ಮತ್ತೆ ಸೇರಬೇಕು, ಪ್ರತಿ ಸದಸ್ಯನೂ 14ನೇ ತಿದ್ದುಪಡಿಯ ಪ್ರಕಾರ ತಾನು ಅರ್ಹ ಎಂದು ಪ್ರಮಾಣ ಮಾಡಬೇಕು, ಬಣ್ಣದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು, 15ನೇ ತಿದ್ದುಪಡಿ ಅನುಮೋದಿಸಬೇಕು. 1870ರ ಜನವರಿ 10ರಂದು ಸಭೆ ಸೇರಿತು. ಜುಲೈ 1868ರಲ್ಲಿ ಮಾಡದೆ ಬಿಟ್ಟ ಪರಿಶೀಲನೆಯನ್ನು ಜನರಲ್ ಆಲ್ಫ್ರೆಡ್ ಟೆರಿ ಈಗ ಮಾಡಿಸಿದರು. ಇಪ್ಪತ್ತಕ್ಕೂ ಹೆಚ್ಚು ಡೆಮಾಕ್ರಟರು ಸ್ಥಾನ ಕಳೆದುಕೊಂಡರು, ಕಪ್ಪು ಸದಸ್ಯರು ಮರಳಿ ಬಂದರು. ಜುಲೈ 15ಕ್ಕೆ ಜಾರ್ಜಿಯಾ ಒಕ್ಕೂಟಕ್ಕೆ ಮರುಸೇರ್ಪಡೆಯಾಯಿತು, ದಕ್ಷಿಣದ ರಾಜ್ಯಗಳಲ್ಲಿ ಕೊನೆಯದಾಗಿ.

ಗೆಲುವು ಒಂದು ವರ್ಷವೂ ಬಾಳಲಿಲ್ಲ. 1870ರ ಡಿಸೆಂಬರ್ ಚುನಾವಣೆಯಲ್ಲಿ ಡೆಮಾಕ್ರಟರು ಗೆದ್ದರು, 1871ರಲ್ಲಿ ಬುಲಕ್ ರಾಜ್ಯ ಬಿಟ್ಟು ಓಡಿದರು. ಮೆಕಿಂಟಾಶ್ ಕೌಂಟಿಯ ಟ್ಯೂನಿಸ್ ಕ್ಯಾಂಪ್‌ಬೆಲ್ ಅವರನ್ನು ಮೊಕದ್ದಮೆಯಲ್ಲಿ ಸಿಕ್ಕಿಸಿ, ಅರವತ್ತು ದಾಟಿದ ವಯಸ್ಸಿನಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟ ಕೈದಿಯಾಗಿ ದುಡಿಸಿದರು. ಅದೇ ಕೌಂಟಿಯ ಡಬ್ಲ್ಯು. ಎಚ್. ರಾಜರ್ಸ್ 1907ರಲ್ಲಿ ಸ್ಥಾನ ಬಿಟ್ಟ ಮೇಲೆ ಜಾರ್ಜಿಯಾ ಸಭೆಯಲ್ಲಿ ಕಪ್ಪು ಸದಸ್ಯರೇ ಉಳಿಯಲಿಲ್ಲ. 1962ರಲ್ಲಿ ಲೀರಾಯ್ ಜಾನ್ಸನ್ ರಾಜ್ಯದ ಸೆನೆಟ್‌ಗೆ ಗೆದ್ದಾಗಲೇ ಆ ಬರ ಮುಗಿದದ್ದು.

ಆದರೂ ಹಳೆಯ ಅಧಿಕಾರ ಸಭೆಯ ಕೈಯಲ್ಲೇ ಇತ್ತು. 1966ರ ಜನವರಿ 10ರಂದು, ವಿಯೆಟ್ನಾಂ ಯುದ್ಧ ವಿರೋಧಿಸಿದ ಹೇಳಿಕೆಯನ್ನು ಬೆಂಬಲಿಸಿದ್ದಕ್ಕಾಗಿ ಕಪ್ಪು ಯುವಕ ಜೂಲಿಯನ್ ಬಾಂಡ್ ಅವರಿಗೆ ಪ್ರಮಾಣ ವಚನ ಬೋಧಿಸಲು ಜಾರ್ಜಿಯಾ ಪ್ರತಿನಿಧಿ ಸಭೆ 184–12 ಮತಗಳಿಂದ ನಿರಾಕರಿಸಿತು. ಅದೇ ವರ್ಷದ ಡಿಸೆಂಬರ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಬಾಂಡ್ ಪರ ತೀರ್ಪು ಕೊಟ್ಟಿತು: ಸದಸ್ಯನ ಪ್ರಮಾಣ ಪ್ರಾಮಾಣಿಕವೇ ಎಂದು ಅಳೆಯುವ ನೆಪದಲ್ಲಿ ಅವನ ವಾಕ್ ಸ್ವಾತಂತ್ರ್ಯವನ್ನು ಸಭೆ ಕಿತ್ತುಕೊಳ್ಳುವಂತಿಲ್ಲ. 1869ರಲ್ಲಿ ರಾಜ್ಯದ ಕೋರ್ಟ್ ಮುಟ್ಟದೆ ಬಿಟ್ಟಿದ್ದ ಸದನದ ಬಾಗಿಲನ್ನು ಈ ತೀರ್ಪು ತೆರೆಸಿತು. 1969ರಲ್ಲಿ, ಗೆದ್ದು ಬಂದರೂ ಅಮೆರಿಕದ ಕಾಂಗ್ರೆಸ್ಸಿನ ಪ್ರತಿನಿಧಿ ಸಭೆ ಸ್ಥಾನ ಕೊಡದ ಕಪ್ಪು ಸದಸ್ಯ ಆಡಮ್ ಕ್ಲೇಟನ್ ಪೊವೆಲ್ ಅವರ ಪ್ರಕರಣದಲ್ಲಿ, ವಯಸ್ಸು, ಪೌರತ್ವ, ವಾಸ ಎಂದು ಸಂವಿಧಾನ ಹೇಳಿದ ಅರ್ಹತೆಗಳ ಆಚೆಗೆ ಕಾಂಗ್ರೆಸ್ ಹೊಸದನ್ನು ಸೇರಿಸಲಾಗದು ಎಂದೂ ಕೋರ್ಟ್ ಹೇಳಿತು.

ಹಾಗಾಗಿ ಇಂದು ಗೆದ್ದವನನ್ನು ಅನರ್ಹನೆಂದು ಸಾರುವ ಸುಲಭದ ದಾರಿ ಬಹುಮಟ್ಟಿಗೆ ಮುಚ್ಚಿದೆ. ಉಳಿದಿರುವುದು ಮೂರನೇ ಎರಡು ಬಹುಮತದ ಉಚ್ಚಾಟನೆ. 2023ರ ಏಪ್ರಿಲ್ 6ರಂದು ಟೆನೆಸ್ಸೀ ಪ್ರತಿನಿಧಿ ಸಭೆ, ಬಂದೂಕು ನಿಯಂತ್ರಣಕ್ಕಾಗಿ ಸದನದೊಳಗೆ ಪ್ರತಿಭಟಿಸಿದ ಜಸ್ಟಿನ್ ಜೋನ್ಸ್ ಮತ್ತು ಜಸ್ಟಿನ್ ಪಿಯರ್ಸನ್ ಎಂಬ ಇಬ್ಬರು ಕಪ್ಪು ಸದಸ್ಯರನ್ನು ಆ ದಾರಿಯಲ್ಲಿ ಹೊರಹಾಕಿತು. ಅಲ್ಲಿ ತೆರವಾದ ಸ್ಥಾನ ಸೋತ ಅಭ್ಯರ್ಥಿಗೆ ಹೋಗುವುದಿಲ್ಲ. ಉಪಚುನಾವಣೆ ಆಗುವವರೆಗೆ ಅದನ್ನು ತುಂಬುವುದು ಸ್ಥಳೀಯ ಆಡಳಿತ ಮಂಡಳಿ. ಒಂದೇ ವಾರದೊಳಗೆ ನ್ಯಾಶ್‌ವಿಲ್ ಮತ್ತು ಶೆಲ್ಬಿ ಕೌಂಟಿಯ ಮಂಡಳಿಗಳು ಅದೇ ಇಬ್ಬರನ್ನು ವಾಪಸ್ ಕಳಿಸಿದವು, ಆಗಸ್ಟ್‌ನಲ್ಲಿ ಮತದಾರರು ಇಬ್ಬರನ್ನೂ ಮತ್ತೆ ಗೆಲ್ಲಿಸಿದರು.