ಕ್ಯಾಸೆಟ್ಟಿಗೆ ಊದಿದರೆ ಗೇಮ್ ಸರಿಹೋಗುತ್ತಿತ್ತೇ?

"ಚಿಕ್ಕಂದಿನಲ್ಲಿ ಟಿವಿ ಗೇಮ್ ಕ್ಯಾಸೆಟ್ ಬರದಿದ್ದಾಗ ಬಾಯಿಂದ ಊದಿ ಹಾಕಿದರೆ ಬರುತ್ತಿತ್ತಲ್ಲ ಸಾರ್, ಅದು ಹೇಗೆ?" ಹಳೆಯ ಗೇಮ್ ಯಂತ್ರಗಳ ವಿಷಯದಲ್ಲಿ ನನ್ನನ್ನು ಇಷ್ಟು ಬಾರಿ ಕೇಳಿದ ಪ್ರಶ್ನೆ ಇನ್ನೊಂದಿಲ್ಲ. ಚಿಕ್ಕದಾಗಿ ಉತ್ತರಿಸಿದಾಗಲೆಲ್ಲ "ನಮ್ಮ ಮನೆಯಲ್ಲಂತೂ ಕೆಲಸ ಮಾಡುತ್ತಿತ್ತು" ಎಂಬ ಮರುಮಾತು ಬಂದಿದೆ. ಆದ್ದರಿಂದ ಈ ಸಲ ವಿವರವಾಗಿಯೇ ಬರೆಯುತ್ತಿದ್ದೇನೆ.

ಊದುವುದರಿಂದ ಕ್ಯಾಸೆಟ್ ಸರಿಹೋಗುತ್ತಿರಲಿಲ್ಲ. ಊದುವ ಮುನ್ನ ನೀವು ಅದನ್ನು ಹೊರಗೆ ತೆಗೆಯುತ್ತಿದ್ದಿರಿ, ಊದಿದ ಮೇಲೆ ಮತ್ತೆ ಒತ್ತಿ ಕೂರಿಸುತ್ತಿದ್ದಿರಿ; ಫಲ ಕೊಡುತ್ತಿದ್ದದ್ದು ಆ ತೆಗೆದು ಹಾಕುವ ಕ್ರಿಯೆ. ಕ್ಯಾಸೆಟ್ಟಿನೊಳಗಿನ ಬೋರ್ಡಿನ ಅಂಚಿನಲ್ಲಿರುವ ಲೋಹದ ಪಟ್ಟಿಗಳು ಯಂತ್ರದೊಳಗಿನ ಪಿನ್ನುಗಳಿಗೆ ಸರಿಯಾಗಿ ತಾಗಬೇಕು, ಮುಖ್ಯವಾದ ಒಂದೆರಡು ತಾಗದಿದ್ದರೂ ಪರದೆಯ ತುಂಬ ಚಿತ್ರ ಕಲಸಿಹೋಗುತ್ತದೆ. ಮತ್ತೆ ಕೂರಿಸುವಾಗ ಪಿನ್ನು ಪಟ್ಟಿಯ ಮೇಲೆ ಉಜ್ಜಿ ಕೊಳೆಯ ತೆಳು ಪದರ ಕೆರೆದುಹೋಗುತ್ತದೆ, ಇಲ್ಲವೇ ಕ್ಯಾಸೆಟ್ ಕೂದಲೆಳೆಯಷ್ಟು ಆಚೀಚೆ ಸರಿದು ಸಂಪರ್ಕ ಕೂಡುತ್ತದೆ. ಮೂರನೆಯ ಸಲ ಊದಿದಾಗ ಗೇಮ್ ಬಂತೆಂದು ನೆನಪಿಟ್ಟುಕೊಳ್ಳುವವರು, ಮೊದಲೆರಡು ಸಲ ಊದಿದರೂ ಬಾರದಿದ್ದುದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಉಸಿರಿನ ತೇವ ಕ್ಷಣಮಾತ್ರ ಸಂಪರ್ಕಕ್ಕೆ ನೆರವಾಗಿರಬಹುದೆಂದು ಒಪ್ಪಿಕೊಂಡರೂ, ಅದೇ ತೇವ ನಿಂತು ಮುಂದೆ ಲೋಹಕ್ಕೆ ಕಿಲುಬು ಹಿಡಿಸುತ್ತದೆ. ಊದಬೇಡಿರೆಂದು ಇಂಥ ಗೇಮ್ ಯಂತ್ರಗಳನ್ನು ತಯಾರಿಸುವ ಜಪಾನಿನ ನಿಂಟೆಂಡೊ ಕಂಪನಿಯೇ ಸ್ವತಃ ಗ್ರಾಹಕರಿಗೆ ತಿಳಿಸಿತ್ತು. ಹಳೆಯ ಕ್ಯಾಸೆಟ್ ಇನ್ನೂ ಇಟ್ಟುಕೊಂಡವರು ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಪಟ್ಟಿಗಳನ್ನು ಒರೆಸಿ, ಪೂರ್ತಿ ಒಣಗಿಸಿ ಹಾಕಿದರೆ ಸಾಕು.

ಊದುವ ಅಭ್ಯಾಸಕ್ಕೆ ಅಮೆರಿಕದಲ್ಲಿ ಇನ್ನೊಂದು ಕಾರಣವೂ ಇತ್ತು. ಮಸಾಯುಕಿ ಉಎಮುರಾ ರೂಪಿಸಿದ ನಿಂಟೆಂಡೊದ ಗೇಮ್ ಯಂತ್ರ ಫ್ಯಾಮಿಕಾಮ್ 1983ರ ಜುಲೈಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದಾಗ ಕ್ಯಾಸೆಟ್ಟನ್ನು ಮೇಲಿನಿಂದ ನೇರವಾಗಿ ಸಿಕ್ಕಿಸಬೇಕಿತ್ತು. ಅದೇ ಹೊತ್ತಿಗೆ ಅಮೆರಿಕದಲ್ಲಿ ವಿಡಿಯೊ ಗೇಮ್ ಮಾರುಕಟ್ಟೆ ಕುಸಿದು, ಅಂಗಡಿಯವರು ಆ ಹೆಸರನ್ನೇ ಕೇಳಲು ಒಪ್ಪದ ಸ್ಥಿತಿಯಿತ್ತು. ಹಾಗಾಗಿ 1985ರಲ್ಲಿ ನ್ಯೂಯಾರ್ಕಿಗೆ ಬಂದ ಅದರ ಅಮೆರಿಕನ್ ರೂಪವಾದ ಎನ್‌ಇಎಸ್ ಅನ್ನು ಆಟಿಕೆಯಂತೆ ಕಾಣದ ಹಾಗೆ, ವಿಸಿಆರ್‌ನಂತೆ ಮುಂದಿನಿಂದ ತುರುಕಿ ಕೆಳಗೆ ಒತ್ತುವ ರೀತಿಯಲ್ಲಿ ಮಾಡಿದರು. ಬಳಸಬಳಸುತ್ತ ಅದರ 72 ಪಿನ್ನುಗಳು ಬಿಗಿ ಕಳೆದುಕೊಂಡವು. ಜೊತೆಗೆ ಯಂತ್ರದಲ್ಲೊಂದು, ಕ್ಯಾಸೆಟ್ಟಿನಲ್ಲೊಂದು, ಕಂಪನಿಯ ಅನುಮತಿಯಿಲ್ಲದ ಕ್ಯಾಸೆಟ್ ಓಡದಂತೆ ತಡೆಯುವ ಬೀಗದ ಚಿಪ್ ಇದ್ದು, ಇವೆರಡರ ಮಾತುಕತೆ ತಪ್ಪಿದರೆ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ತಾನೇ ರೀಸೆಟ್ ಆಗುತ್ತಿತ್ತು. ಅಲ್ಲಿನವರು ನೆನೆಯುವ ಮಿನುಗುವ ಕೆಂಪು ದೀಪದ ಮೂಲ ಇದು. 1993ರಲ್ಲಿ ಬಂದ ಹೊಸ ಮಾದರಿಯಲ್ಲಿ ಕ್ಯಾಸೆಟ್ ಮತ್ತೆ ಮೇಲಿನಿಂದ ಹೋಗುವಂತಾಯಿತು, ಬೀಗದ ಚಿಪ್ಪನ್ನೂ ತೆಗೆದುಹಾಕಿದರು.

ಬೀಗದ ಪ್ರಸ್ತಾಪ ಬಂದುದರಿಂದ, ಯಾರೂ ಕೇಳದ ಒಂದು ಮಾತನ್ನೂ ಹೇಳಬೇಕೆನಿಸುತ್ತದೆ. ಜಪಾನಿನ ಫ್ಯಾಮಿಕಾಮ್‌ನಲ್ಲಿ ಅಂಥ ಚಿಪ್ ಇರಲಿಲ್ಲ. ಹಾಗಾಗಿ ಅದಕ್ಕೆ ಅನುಮತಿಯಿಲ್ಲದ ಕ್ಯಾಸೆಟ್ ಮಾಡುವುದು ಸುಲಭವಾಯಿತು, ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಅಗ್ಗದ ಟಿವಿ ಗೇಮ್‌ಗಳಲ್ಲಿ ಬಹುಪಾಲು ಅದರ 60 ಪಿನ್ನಿನ ನಕಲುಗಳೇ. ಮೇಲೆ "9999 ಇನ್ 1" ಎಂದು ಅಚ್ಚಾಗಿದ್ದ ಕ್ಯಾಸೆಟ್ಟುಗಳಲ್ಲಿ ನಿಜವಾಗಿ ಇರುತ್ತಿದ್ದದ್ದು ಕೆಲವೇ ಆಟಗಳು. ಒಂದೇ ಮಾರಿಯೊ ಆಟವನ್ನು ಬೇರೆ ಬೇರೆ ಹಂತದಿಂದ ಶುರುವಾಗುವಂತೆ ಮಾಡಿ, ಪ್ರತಿಯೊಂದಕ್ಕೂ ಹೊಸ ಹೆಸರು, ಹೊಸ ಸಂಖ್ಯೆ ಕೊಟ್ಟು ಪಟ್ಟಿಯನ್ನು ಬೆಳೆಸುತ್ತಿದ್ದರು.